ಅಜ್ಜಿಯ ಪಾಲಿನ ವರ್ಷ

ಕುರುಗೋಡಿನ ನಮ್ಮ ಮನೆಯಲ್ಲಿ ಒಂದು ವರ್ಷ ಸತ್ತವಳಿಗೂ ಪಾಲಿತ್ತು. ನನ್ನ ಮಗಳಿಗೆ ಇದನ್ನು ಹೇಳಿದಾಗ ಅವಳು ನಗಲಿಲ್ಲ, ಎದ್ದು ಹೋಗಿ ಒಳಕೋಣೆಯ ಲೈಟು ಹಾಕಿ ಬಂದು ಕೂತಳು. ನಾನೂ ಬೇಡವೆನ್ನಲಿಲ್ಲ. ಬಳ್ಳಾರಿಯ ಈ ಮನೆಯಲ್ಲಿ ಲೈಟು ಹಾಕಿದರೆ ಮೂಲೆ ಮೂಲೆಯೂ ಕಾಣುತ್ತದೆ, ಅದೂ ಶಿವನ ಒಂದು ಕರುಣೆ. ಕುರುಗೋಡಿನ ಮನೆ ಹಾಗಿರಲಿಲ್ಲ. ಮುಂದೆ ಪಡಸಾಲೆ, ಹಿಂದೆ ಅಡಿಗೆಮನೆ, ಎರಡರ ನಡುವೆ ಕಿಟಕಿಯೇ ಇಲ್ಲದ ನಡುಮನೆ. ಮಣ್ಣಿನ ಮಾಳಿಗೆಯಲ್ಲಿ ಒಂದು ಬೆಳಕಿಂಡಿ, ಅದರ ಮೇಲೊಂದು ಗಾಜಿನ ತುಂಡು. ಬೇಸಿಗೆಯ ಮಧ್ಯಾಹ್ನ ಊರಿಗೆ ಊರೇ ಬಾಗಿಲು ಹಾಕಿಕೊಂಡು ಮಲಗಿರುವಾಗ ಆ ಕಿಂಡಿಯಿಂದ ರೊಟ್ಟಿಯಷ್ಟು ಅಗಲದ ಬಿಸಿಲು ಕೆಳಗೆ ಬೀಳುತ್ತಿತ್ತು. ಹಾಸುಗಲ್ಲಿನ ಮೇಲೆ ನಿಧಾನಕ್ಕೆ ಸರಿಯುತ್ತ ಸರಿಯುತ್ತ ಅದು ಜೋಳ ತುಂಬಿಡುವ ಮಣ್ಣಿನ ವಾಡೆಯ ಪಕ್ಕದ ಗೋಡೆಯ ಬುಡಕ್ಕೆ ಬರುತ್ತಿತ್ತು. ಅದು ನನ್ನ ಅಜ್ಜಿ, ಅಂದರೆ ಅಪ್ಪನ ತಾಯಿ, ಕೂರುವ ಜಾಗ. ಅವಳ ತಲೆ ತಾಗಿ ತಾಗಿ ಗೋಡೆಯ ಸುಣ್ಣದ ಮೇಲೆ ಎಣ್ಣೆಯ ಗುಂಡನೆಯ ಕಲೆಯೊಂದು ಆಗಿತ್ತು. ಬಿಸಿಲು ಅಲ್ಲಿಗೆ ಬಂದಾಗ ಅವಳು ಅದರಲ್ಲಿ ಕೈ ಇಟ್ಟು ಬೆರಳು ಕಾಯಿಸಿಕೊಳ್ಳುತ್ತಿದ್ದಳು. ಅಂಥ ಬೇಸಿಗೆಯಲ್ಲೂ ಅವಳ ಬೆರಳು ತಣ್ಣಗಿರುತ್ತಿದ್ದವು.

ಅಪ್ಪ ಬಳ್ಳಾರಿಯಲ್ಲಿ ಒಂದು ಬಾಡಿಗೆ ಶೆಡ್ಡಿನಲ್ಲಿ ಜೀನ್ಸ್ ಪ್ಯಾಂಟು ಹೊಲಿಸುತ್ತಿದ್ದ. ಮಾಲು ಒಯ್ದ ವ್ಯಾಪಾರಿ ರೊಕ್ಕ ಕೊಡದೆ ಊರು ಬಿಟ್ಟ. ಬಟ್ಟೆಯವರು, ದಾರದವರು, ಮಿಷಿನ್ನಿಗೆ ಸಾಲ ಕೊಟ್ಟವರು ಮೂವರೂ ಒಟ್ಟಿಗೆ ಬಂದು ನಮ್ಮ ಪಡಸಾಲೆಯಲ್ಲಿ ಕೂತರು. ನಡುವೆ ಕೂತವರು ಮಠದ ಅಯ್ಯನವರು. ಅವರ ಮಾತನ್ನು ಎರಡೂ ಕಡೆಯವರು ಮೀರುತ್ತಿರಲಿಲ್ಲ. ಮಿಷಿನ್ನುಗಳು ಹೋದವು, ಹಳೆಯದೊಂದು ಟೆಂಪೋ ಉಳಿಯಿತು. ಅಪ್ಪ ಅದರಲ್ಲಿ ಸಿರುಗುಪ್ಪದ ಅಕ್ಕಿ ಗಿರಣಿಗಳಿಂದ ಬಳ್ಳಾರಿಗೆ ಚೀಲ ಸಾಗಿಸಬೇಕು. ಬಂದ ಬಾಡಿಗೆಯನ್ನೆಲ್ಲ ತಿಂಗಳಿಗೊಮ್ಮೆ ಅಯ್ಯನವರ ಮುಂದೆ ಇಡಬೇಕು. ಅವರು ಮನೆಯಲ್ಲಿ ಉಣ್ಣುವ ತಲೆ ಎಣಿಸಿ, ತಲೆಗಿಷ್ಟು ಅಂತ ಅವ್ವನ ಕೈಗೆ ಕೊಟ್ಟು, ಉಳಿದದ್ದನ್ನು ಮೂವರಿಗೂ ಹಂಚಬೇಕು. ಒಂದು ತಿಂಗಳು ತಪ್ಪಿದರೆ ಮನೆ ಆ ಮೂವರದು. ಉಣ್ಣುವವರು ನಾಲ್ಕು ಮಂದಿ: ಅಪ್ಪ, ಅವ್ವ, ಅಜ್ಜಿ, ನಾನು. ಜೋಳ, ಎಣ್ಣೆ, ಸಬಕಾರ, ಸೀಮೆಎಣ್ಣೆ, ಎಲ್ಲಕ್ಕೂ ಲೆಕ್ಕ ಹಾಕಿದರು. ತಿಂಗಳ ಲೆಕ್ಕದಲ್ಲಿ ಮುಳುಗಿದ್ದ ಆ ಗಂಡಸರಿಗೆ ವರ್ಷಕ್ಕೊಮ್ಮೆ ಬರುವ ಖರ್ಚು ಮಾತ್ರ ನೆನಪಾಗಲಿಲ್ಲ. ಮನೆ ಕಂದಾಯ, ನನ್ನ ಶಾಲೆಯ ಫೀಸು, ಎಲ್ಲಕ್ಕಿಂತ ದೊಡ್ಡದಾದ ಟೆಂಪೋದ ವಿಮೆ. ವಿಮೆ ಮುಗಿದ ಗಾಡಿಗೆ ಗಿರಣಿಯವರು ಚೀಲ ಹೇರುತ್ತಿರಲಿಲ್ಲ. ಚೀಲ ಇಲ್ಲದಿದ್ದರೆ ಬಾಡಿಗೆ ಇಲ್ಲ, ಬಾಡಿಗೆ ಇಲ್ಲದಿದ್ದರೆ ಮನೆ ಇಲ್ಲ. ಬಾಗಿಲ ಹಿಂದೆ ನಿಂತಿದ್ದ ಅವ್ವನಿಗೆ ಇದು ಹೊಳೆದಿತ್ತು, ಆದರೆ ಅಷ್ಟು ಜನರ ಮುಂದೆ ಬಾಯಿ ಬರಲಿಲ್ಲ. ನಡುಮನೆಯ ಕತ್ತಲಿನಿಂದ ಅಜ್ಜಿಯೇ ಕೇಳಿದಳು.

"ವರ್ಷಕ್ಕೊಮ್ಮೆ ಬರೋ ಖರ್ಚಿಗೆ ಏನ್ ಮಾಡ್ಬೇಕ್ರೆಪಾ?"

ದಾರದಂಗಡಿಯ ಶೆಟ್ಟರು ಆ ಕಡೆ ತಿರುಗಿಯೂ ನೋಡಲಿಲ್ಲ.

"ಎಲ್ಲಾ ಅದರಾಗ ಬಂತಮ್ಮಾ. ನೀ ಸುಮ್ಕ ಕುಂದ್ರು."

ಅವರು ಎದ್ದು ಹೋದ ಮೇಲೆ ಅವ್ವ ಒಲೆ ಹಚ್ಚದೆ ಕೂತೇ ಇದ್ದಳು. ಅಜ್ಜಿ ಗೋಡೆಗೆ ಒರಗಿದಲ್ಲಿಂದಲೇ ಕರೆದಳು.

"ಯಾಕ ಹಂಗ ಕುಂತಿ? ಟೆಂಪೋದ್ದು ನಾ ಕಟ್ತೀನಿ."

"ನೀವೆಲ್ಲಿಂದ ಕಟ್ತೀರಿ ಅತ್ತಿ? ಕಿವ್ಯಾಗಿನ ಬೆಂಡೋಲಿನೂ ಹೋದವು."

"ಕಟ್ತೀನಿ ಅಂದೆನಲ್ಲ. ಒಲಿ ಹಚ್ಚು, ಹುಡುಗಿ ಹಸದೈತಿ."

ಆ ಮಾತಾಡಿ ತಿಂಗಳೂ ತುಂಬಿರಲಿಲ್ಲ. ಒಂದು ಮಧ್ಯಾಹ್ನ ಉಂಡು ಗೋಡೆಗೆ ಒರಗಿದ ಅಜ್ಜಿ ಏಳಲೇ ಇಲ್ಲ. ಬಿಸಿಲು ಅವಳ ಕೈಯ ಮೇಲೆ ಬಂದು, ದಾಟಿ, ಆಚೆ ಹೋಗಿತ್ತು, ಕೈ ಸರಿದಿರಲಿಲ್ಲ. ಅದನ್ನು ಮೊದಲು ಕಂಡವಳು ಅವ್ವ. ನಮ್ಮ ಕಡೆ ಸತ್ತವರನ್ನು ಕುಳ್ಳಿರಿಸಿ ಮಣ್ಣು ಮಾಡುತ್ತಾರೆ, ಆದ್ದರಿಂದ ಅವಳು ಹೇಗೆ ಕೂತಿದ್ದಳೋ ಹಾಗೆಯೇ ಹೋದಳು. ಅವ್ವ ಅವತ್ತು ಅಳಲಿಲ್ಲ. ಬಂದ ಹೆಂಗಸರು ಅದನ್ನು ನೋಡಿ ತಮ್ಮ ತಮ್ಮಲ್ಲೇ ಮಾತಾಡಿಕೊಂಡರು. ಅಜ್ಜಿ ಟೆಂಪೋದ್ದು ಕಟ್ಟುತ್ತೇನೆ ಅಂದವಳು ಸುಳ್ಳು ಹೇಳಿದವಳಲ್ಲ, ಆದ್ದರಿಂದ ಅವಳು ಹೋಗಿಲ್ಲ ಅಂತ ಅವ್ವ ಅಂದುಕೊಂಡಿದ್ದಳೇನೋ. ನನಗೆ ಗೊತ್ತಿಲ್ಲ. ಆ ತಿಂಗಳು ಅಯ್ಯನವರು ಮನೆಗೆ ಬಂದು ಖರ್ಚಿನ ರೊಕ್ಕ ಇಟ್ಟಾಗ ಅವ್ವ ಅದರಲ್ಲಿ ಒಂದು ಪಾಲು ತೆಗೆದು ಅವರ ಕಡೆಗೇ ಸರಿಸಿದಳು.

"ಅಯ್ಯನೋರ, ಈಗ ನಾವು ಮೂರೇ ಮಂದಿ ಅದೀವ್ರಿ."

"ಯಾರ್ ಹೇಳಿದ್ರು? ವರ್ಷ ತುಂಬಿ ಆಕಿಗೆ ಎಡಿ ಇಡೋತನಕ ಆಕಿ ಮನ್ಯಾಗ ಅದಾಳ. ಮನ್ಯಾಗ ಇದ್ದೋರಿಗೆ ಪಾಲು ಐತಿ. ಖರೇ, ಆಕಿ ಪಾಲು ಆಕೀದು. ನೀವು ಉಂಡ್ರ ಕಳುವು ಆಗತೈತಿ. ಎಡಿ ದಿವಸಕ್ಕ ಏನಾರ ಉಳಿದಿದ್ರ ಆಕಿ ಹೆಸರಲೆ ದಾನ ಹೋಗ್ಬೇಕು. ಅಷ್ಟ ನೆಪ್ಪಿಟ್ಕೋ."

ಅಯ್ಯನವರು ನಮ್ಮ ಮೇಲಿನ ಕನಿಕರಕ್ಕೆ ಅಂದ ಮಾತದು ಎಂದು ಈಗ ನನಗೆ ಅನ್ನಿಸುತ್ತದೆ. ಅವ್ವ ಮಾತ್ರ ಅದನ್ನು ಅಂದ ಹಾಗೆಯೇ ಹಿಡಿದಳು. ಪಾಲು ಆಕೆಯದಾಗಬೇಕಾದರೆ ಆಕೆ ಮನೆಯಲ್ಲಿರಬೇಕು. ಮನೆಯಲ್ಲಿರುವವರನ್ನು ಊಟಕ್ಕೆ ಕರೆಯದೆ ಇರುವುದು ಹೇಗೆ? ಅಜ್ಜಿಯ ಹಳೆಯ ಸೀರೆಯ ಸೆರಗಿನಲ್ಲಿ ಆ ರೊಕ್ಕ ಗಂಟು ಹಾಕಿ, ಸೀರೆಯನ್ನು ಮಡಚಿ, ಅವಳು ಕೂರುತ್ತಿದ್ದ ಜಾಗದ ಮೇಲಿನ ಗೂಡಿನಲ್ಲಿ ಇಟ್ಟಳು. ಬೆಳಿಗ್ಗೆ ಚಹಾ ಸೋಸಿದಾಗ ಮೊದಲ ಗುಟುಕು ಅಜ್ಜಿಯ ಬಟ್ಟಲಿಗೆ. ಮಧ್ಯಾಹ್ನ ರೊಟ್ಟಿ ಬಡಿದಾಗ ಮೊದಲ ತುತ್ತು ಅಜ್ಜಿಯ ಗಂಗಾಳಕ್ಕೆ. ಆಮೇಲೆ ಅದು ಹಸುವಿಗೆ. ಕರೆಯುವ ಕೆಲಸ ನನ್ನದು. ನಡುಮನೆಯ ಹೊಸ್ತಿಲಲ್ಲಿ ನಿಂತು "ಅಜ್ಜೀ, ಊಟಕ್ಕ ಬಾ" ಅನ್ನಬೇಕು. ಅಂದು, ಕಾಯಬೇಕು. ಕಾಯುವುದೇ ಕಷ್ಟ. ಅವ್ವ ರೊಟ್ಟಿಯ ಹಿಟ್ಟು ಮೆತ್ತಿದ ಕೈ ಹಾಗೇ ಹಿಡಿದು ಒಳಗಿನ ಕತ್ತಲಿಗೆ ಕಿವಿಗೊಟ್ಟು ಕೂತಿರುತ್ತಿದ್ದಳು. ಒಂದೊಂದು ದಿನ ತಕ್ಷಣ, ಒಂದೊಂದು ದಿನ ಬಹಳ ಹೊತ್ತಿನ ಮೇಲೆ "ಬಂದ್ರು, ಉಣ್ಣು" ಅನ್ನುತ್ತಿದ್ದಳು. ನಾನು ತಲೆ ಬಗ್ಗಿಸಿ ಉಣ್ಣುತ್ತಿದ್ದೆ. ಅಪ್ಪ ಮೊದಮೊದಲು ನಗಾಡಿದ. "ಬದುಕಿದ್ದಾಗ ನಿಮ್ಮತ್ತಿಗೆ ಇಷ್ಟು ಚಾ ಕೊಟ್ಟಿದ್ದಿಲ್ಲ ಬಿಡು" ಅನ್ನುತ್ತಿದ್ದ. ಆಮೇಲಾಮೇಲೆ ಅವನೂ ನಡುಮನೆ ದಾಟುವಾಗ ಆ ಗೋಡೆಯ ಮಗ್ಗುಲು ಬಿಟ್ಟು ಸುತ್ತಿ ಹೋಗತೊಡಗಿದ.

ಅಜ್ಜಿ ಬಂದದ್ದು ಹೇಗೆ ಗೊತ್ತಾಗುತ್ತದೆ ಅಂತ ಒಮ್ಮೆ ಅವ್ವನನ್ನು ಕೇಳಿದೆ. "ಗೋಡಿ ನೋಡು" ಅಂದಳು. ನೋಡಿದೆ. ಹಬ್ಬದ ಮುಂದೆ ಮನೆಗೆಲ್ಲ ಸುಣ್ಣ ಬಳಿದಿದ್ದೆವು, ಆ ಗೋಡೆಗೂ ಬಳಿದಿದ್ದೆವು. ಕಲೆ ಮತ್ತೆ ಎದ್ದಿತ್ತು. ಬೆರಳು ತಾಗಿಸಿದರೆ ಜಿಡ್ಡು ಹತ್ತಿತು, ಅಜ್ಜಿಯ ತಲೆಯ ಔಡಲೆಣ್ಣೆಯ ವಾಸನೆ ಬಂತು. ಹಳೆಯ ಎಣ್ಣೆ ಸುಣ್ಣವನ್ನು ದಾಟಿ ಬರುತ್ತದೆ ಅಂತ ಬಣ್ಣ ಬಳಿಯುವವರು ಯಾರನ್ನು ಕೇಳಿದರೂ ಹೇಳುತ್ತಾರೆ. ನಾನು ಲಂಗಕ್ಕೆ ಬೆರಳು ಒರೆಸಿಕೊಂಡೆ, ಅವತ್ತಿಡೀ ಆ ಕೈಯಲ್ಲಿ ಉಣ್ಣಲಿಲ್ಲ. ಆದರೆ ಅಂಜಿಕೆಯ ವರ್ಷ ಅಂತ ಅದನ್ನು ಹಳಿಯಲಾರೆ. ಆ ವರ್ಷ ನನಗೆ ಜ್ವರ ಬರಲಿಲ್ಲ. ಹಸು ಹಾಲು ಬತ್ತಿಸಲಿಲ್ಲ. ಕಂದಾಯವನ್ನು ಅಜ್ಜಿ ಕಟ್ಟಿದಳು, ನನ್ನ ಫೀಸನ್ನೂ ಅಜ್ಜಿಯೇ ಕಟ್ಟಿದಳು. ಗಂಟು ಬಿಚ್ಚುವ ಮುಂದೆ ಅವ್ವ ವಿಭೂತಿ ಹಚ್ಚಿಕೊಂಡು ಗೂಡಿನ ಎದುರು ನಿಂತು, ಇಂಥದ್ದಕ್ಕೆ ಇಷ್ಟು ಬೇಕಾಗಿದೆ ಅತ್ತಿ ಅಂತ ಹೇಳಿ, ಸ್ವಲ್ಪ ಹೊತ್ತು ಬಿಟ್ಟು ಕೈ ಹಾಕುತ್ತಿದ್ದಳು. ಈಗ ನಾನು ಬಳ್ಳಾರಿಯಲ್ಲಿ ಮನೆ ತೆರಿಗೆಗೆ, ಸ್ಕೂಟರಿನ ವಿಮೆಗೆ ತಿಂಗಳು ತಿಂಗಳು ಒಂದಿಷ್ಟು ಡಬ್ಬಿಯಲ್ಲಿ ಎತ್ತಿಡುತ್ತೇನೆ. ಮುಚ್ಚಳ ಹಾಕಿ ಒಂದು ಗಳಿಗೆ ನಿಲ್ಲುತ್ತೇನೆ. ಯಾಕೆ ನಿಲ್ಲುತ್ತೀಯಮ್ಮ ಅಂತ ಮಗಳು ಕೇಳಿದ್ದಕ್ಕೇ ಈ ಕಥೆ ಶುರುವಾದದ್ದು.

ಒಂದು ಸಲ ಸಿರುಗುಪ್ಪದ ದಾರಿಯಲ್ಲಿ ಟೆಂಪೋದ ಟೈರು ಒಡೆಯಿತು. ಅಪ್ಪ ಮೋರೆಗೆಲ್ಲ ಧೂಳು ಮೆತ್ತಿಕೊಂಡು ಹಗಲಲ್ಲೇ ಮನೆಗೆ ಬಂದ.

"ಆ ಗಂಟು ಕೊಡು."

"ಅದು ನಮ್ಮದಲ್ರಿ. ವಿಮಾಕ್ಕ ಇಟ್ಟೈತಿ. ಅತ್ತೀನ್ನ ಕೇಳ್ರಿ."

"ತಲಿ ಕೆಟ್ಟೈತೇನ್ ನಿನಗ? ಸತ್ತಾಕೀನ್ನ ಏನಂತ ಕೇಳ್ಲಿ?"

"ನಿಮ್ಮ ತಾಯಿನ ಅಲ್ಲೇನು, ಕೇಳಾಕ ನಾಚ್ಕಿ ಯಾಕ? ಒಳಗ ಕುಂತಾರ, ಹೋಗ್ರಿ."

ಅಪ್ಪ ಸಿಟ್ಟಿನಿಂದಲೇ ಒಳಗೆ ಹೋದ. ಸೀರೆ ಜಗ್ಗುವ ಸಪ್ಪಳಕ್ಕೆ ನಾವು ಕಾದೆವು. ಯಾವ ಸಪ್ಪಳವೂ ಆಗಲಿಲ್ಲ. ಆಮೇಲೆ ಅಪ್ಪನ ದನಿ, ಬಹಳ ಸಣ್ಣಗೆ, ಏನೋ ಹೇಳಿತು, ನಿಂತಿತು, ಮತ್ತೆ ಒಂದೆರಡು ಮಾತು ಹೇಳಿತು, ನಡುವೆ ಯಾರೋ ಕೇಳಿದ್ದಕ್ಕೆ ಉತ್ತರ ಕೊಟ್ಟ ಹಾಗೆ. ಹೊರಗೆ ಬಂದಾಗ ಅವನ ಕೈ ಬರಿದಾಗಿತ್ತು. ಚಪ್ಪಲಿ ಮೆಟ್ಟುತ್ತ, ನಮ್ಮ ಮೋರೆ ನೋಡದೆ ಅಂದ.

"ಬ್ಯಾಡ ಅಂದ್ಲು."

ಸಿರುಗುಪ್ಪದಲ್ಲಿ ಗಿರಣಿಯ ಮಾಲಕರೊಬ್ಬರು ತಮ್ಮ ಹಳೆಯ ಟೈರೊಂದನ್ನು ಅವನಿಗೆ ಹಾಗೇ ಕೊಟ್ಟರು. ಒಳಗೆ ಏನಾಯಿತೆಂದು ಅಪ್ಪ ಸಾಯುವವರೆಗೂ ಹೇಳಲಿಲ್ಲ. ಆದರೆ ಅವತ್ತಿನಿಂದ ಗಂಟಿನ ಸುದ್ದಿ ಹೊರಗೆ ಬಿತ್ತು. ಟೈರಿನ ಕಷ್ಟ ಹೇಳಿಕೊಳ್ಳುವಾಗ ಅಪ್ಪನೇ ಎಲ್ಲೋ ಆಡಿರಬೇಕು. ಬೇಸಿಗೆ ಏರುತ್ತಿದ್ದ ಹೊತ್ತಿನಲ್ಲಿ ಒಂದು ನಡುಮಧ್ಯಾಹ್ನ ದಾರದಂಗಡಿಯ ಶೆಟ್ಟರು ಕೊಡೆ ಹಿಡಿದುಕೊಂಡು ಬಂದರು. ಅಪ್ಪ ಮನೆಯಲ್ಲಿರಲಿಲ್ಲ. ಅವರು ಪಡಸಾಲೆಯ ಕಂಬಕ್ಕೆ ಒರಗಿ, ನಡುಮನೆಯ ಬಾಗಿಲಿಗೆ ಎದುರಾಗಿ, ಕಾಲು ಚಾಚಿ ಕೂತರು. ಅವ್ವ ನೀರು ಕೊಟ್ಟಳು.

"ಏಮಮ್ಮಾ, ಸತ್ತೋರ ಹೆಸರಿನ್ಯಾಗ ರೊಕ್ಕ ಕಟ್ಟಿಡಾಕ ಹತ್ತೀರಂತ. ನಮ್ಮ ರೊಕ್ಕ ಅದು."

"ಸತ್ತೋರಲ್ರಿ ಶೆಟ್ರ. ಇನ್ನಾ ವರ್ಷ ಆಗಿಲ್ಲ. ಅಯ್ಯನೋರ ಮಾತು ಐತಿ."

"ಹಂಗಾರ ಮನ್ಯಾಗ ಅದಾಳ?"

"ಅದಾರ್ರಿ."

"ಕರೀರಿ ಮತ್ತ. ಮಾತಾಡಿ ಹೋಗ್ತೀನಿ."

ಅವ್ವನ ಮೋರೆಯಲ್ಲಿ ಅವಮಾನವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ನನ್ನ ಕಡೆ ತಿರುಗಿ, "ಅಜ್ಜೀನ್ನ ಕರಿ. ಶೆಟ್ರು ಬಂದಾರಂತ ಹೇಳು" ಅಂದಳು. ನಾನು ಹೊಸ್ತಿಲಿಗೆ ಹೋಗಿ ನಿಂತೆ. ಒಳಗೆ ಬಿಸಿಲಿನ ರೊಟ್ಟಿ ಗೋಡೆಯ ಬುಡಕ್ಕೆ ಬಂದು ಕಣ್ಣಿಗೆ ಚುಚ್ಚುವಷ್ಟು ಬೆಳ್ಳಗೆ ಬಿದ್ದಿತ್ತು. "ಅಜ್ಜೀ, ಶೆಟ್ರು ಬಂದಾರ" ಅಂದೆ. ಶೆಟ್ಟರು ಹಿಂದೆ ಕಿಸಕ್ಕನೆ ನಕ್ಕರು. ಅವರ ನಗು ಮುಗಿಯುವುದರೊಳಗೆ ನೆಲದ ಮೇಲಿನ ಬಿಸಿಲು ಹೋಯಿತು. ಮಾಸಿ ಮಾಸಿ ಹೋದದ್ದಲ್ಲ. ಯಾರೋ ಅದರ ಮೇಲೆ ಕೂತ ಹಾಗೆ, ಒಮ್ಮೆಗೇ. ಮೋಡ ಬಂದಿರಬಹುದು. ಮಾಳಿಗೆಯ ಮೇಲೆ ಯಾರದೋ ಮೇಕೆ ಹತ್ತಿರಬಹುದು. ನಾನು ಹೊರಗೆ ಹೋಗಿ ನೋಡಲಿಲ್ಲ, ಹೊಸ್ತಿಲಲ್ಲೇ ನಿಂತಿದ್ದೆ. ನನ್ನ ಹಿಂದೆ ಶೆಟ್ಟರ ಕಡೆಯಿಂದ ಬಟ್ಟೆ ಸರಿದ ಸಪ್ಪಳ ಕೇಳಿಸಿತು. ತಿರುಗಿದೆ. ಅವರು ಚಾಚಿದ ಕಾಲು ಮಡಚಿಕೊಂಡಿದ್ದರು. ಹೆಗಲ ಮೇಲಿನ ಟವೆಲ್ಲು ಕೈಗೆ ಬಂದಿತ್ತು. ನನ್ನ ತಲೆಯ ಮೇಲಿಂದ ಒಳಗೆ ನೋಡುತ್ತ, ನಮ್ಮ ಯಾರೊಂದಿಗೂ ಆಡದ ದನಿಯಲ್ಲಿ ಮಾತಾಡಿದರು.

"ಅವತ್ತು ನೀವು ಕೇಳಿದ್ರಿ. ನಾ ಸರಿಯಾಗಿ ಕಿವಿಮ್ಯಾಲ ಹಾಕ್ಕೊಳ್ಳಿಲ್ಲ. ಸರೇ. ಸರೇ ಅಮ್ಮಾ."

ಕೊಡೆ ಮರೆತು ಹೊರಟುಹೋದರು. ಅವ್ವ ನನ್ನನ್ನು ಓಡಿಸಿ ಅದನ್ನು ಕೊಡಿಸಿದಳು. ಬೀದಿಯ ತುದಿಯಲ್ಲಿ ಅದನ್ನು ಇಸಿದುಕೊಂಡ ಶೆಟ್ಟರು ನನ್ನ ಮೋರೆಯನ್ನೇ ಒಂದಿಷ್ಟು ಹೊತ್ತು ನೋಡಿ, "ದಿನಾ ಹಂಗ ಕರೀತೀಯೇನು?" ಅಂತ ಕೇಳಿದರು. ಹೌದು ಅಂದೆ. ಅವರು ಜೇಬಿನಿಂದ ಪೆಪ್ಪರಮಿಂಟು ತೆಗೆದು ಕೊಟ್ಟರು. ಮುಂದಿನ ವರ್ಷದಿಂದ ವರ್ಷದ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕೆಂದು ಅಯ್ಯನವರಿಗೆ ಹೇಳಿದವರು ಆಮೇಲೆ ಅವರೇ. ಆದರೆ ಆ ವರ್ಷದ್ದು ಅಜ್ಜಿಯೇ ಕಟ್ಟಬೇಕಿತ್ತು.

ವಿಮೆ ಮುಗಿಯುವುದು ಮತ್ತು ವರ್ಷದ ಎಡೆ ಒಂದೇ ವಾರದಲ್ಲಿ ಬಂದವು, ಎಡೆ ಮೊದಲು. ಎಡೆಯ ದಿನಕ್ಕೆ ಗಂಟು ಹಾಗೇ ಉಳಿದರೆ ಅದು ದಾನಕ್ಕೆ ಹೋಗುತ್ತದೆ, ಟೆಂಪೋ ನಿಲ್ಲುತ್ತದೆ. ಅಪ್ಪ ಅವ್ವನಿಗೆ, ನಾನು ಬಳ್ಳಾರಿಯಲ್ಲೇ ಚೀಲ ಇಳಿಸುತ್ತೇನಲ್ಲ, ಕೊಡು, ಕಟ್ಟಿ ಬರುತ್ತೇನೆ ಅಂದ. ಅವ್ವ ಒಪ್ಪಲಿಲ್ಲ.

"ನೀವು ಕಟ್ಟಿದ್ರ ನಾವು ಉಂಡಂಗ ಆತು. ಕಟ್ತೀನಿ ಅಂದೋರು ಅವರು. ಅವರನ್ನ ಕರ್ಕೊಂಡು ಹೋಗ್ತೀನಿ."

ಮರುದಿನ ಬೆಳಿಗ್ಗೆ ಅವ್ವ ಮಡಚಿದ ಸೀರೆಯನ್ನು ಎದೆಗವಚಿಕೊಂಡು, ನನ್ನನ್ನು ಮುಂದೆ ಬಿಟ್ಟುಕೊಂಡು, ಬಸ್ಸಿನವರೆಗೂ ದಾರಿಯ ಒಂದು ಮಗ್ಗುಲು ಖಾಲಿ ಬಿಟ್ಟು ನಡೆದಳು. ಬಳ್ಳಾರಿಯ ಬಸ್ಸು. ಮೂವರು ಕೂರುವ ಸೀಟಿನಲ್ಲಿ ಅವ್ವ ಕಿಟಕಿಗೆ, ನಾನು ನಡುವೆ, ಆ ತುದಿ ಖಾಲಿ. ಅವ್ವ ಎರಡು ಫುಲ್ಲು, ಒಂದು ಹಾಫು ಕೇಳಿದಳು.

"ಖಾಲಿ ಸೀಟಿಗೆ ಟಿಕೀಟ? ರೊಕ್ಕ ಹೆಚ್ಚಾಗ್ಯಾವೇನಮ್ಮಾ?" ಅಂದ ಕಂಡಕ್ಟರು.

"ಹಿರೇ ಮನುಷ್ಯಾರು ಕುಂತಾರ. ಹರೀ."

ಅವನು ಹರಿದ. ಮುಂದಿನ ಊರುಗಳಲ್ಲಿ ಬಸ್ಸು ತುಂಬಿತು. ಕಂಬಿಗೆ ಜೋತು ನಿಂತರು, ಮೆಟ್ಟಿಲಲ್ಲಿ ನಿಂತರು. ನನ್ನ ಪಕ್ಕದ ಆ ಸೀಟಿಗೆ ಯಾರೂ ಕೂರಲಿಲ್ಲ. ಕೂಸನ್ನೆತ್ತಿಕೊಂಡ ಒಬ್ಬ ಹೆಂಗಸು ಕೂರಲೆಂದು ಬಗ್ಗಿ, ನಡುವಿನಲ್ಲೇ ನಿಂತು, "ತಪ್ಪಾತಬೇ ಯವ್ವಾ, ನೋಡಿಲ್ಲ" ಅಂದು ಸರಿದಳು. ಅವಳು ನನಗೆ ಅಂದದ್ದಲ್ಲ. ನಾನು ಕಣ್ಣು ಮುಚ್ಚಿ ಶಿವ ಶಿವ ಅಂದುಕೊಂಡೆ. ನನ್ನ ಆ ಕಡೆಯ ತೋಳು ಇಡೀ ದಾರಿ ತಣ್ಣಗಿತ್ತು.

ವಿಮೆಯ ಕಚೇರಿಯಲ್ಲಿ ಸಾಲು ಇತ್ತು. ನಮ್ಮ ಸರದಿ ಬಂದಾಗ ಅವ್ವ ಸೀರೆಯನ್ನು ಕೌಂಟರಿನ ಮೇಲಿಟ್ಟು, ಗಂಟಿನ ತುದಿಯನ್ನು ಮುಂದೆ ಮಾಡಿ, ಕೈ ಹಿಂದಕ್ಕೆ ತೆಗೆದುಕೊಂಡಳು.

"ಬಿಚ್ಚಮ್ಮ," ಅಂದರು ಒಳಗಿದ್ದವರು.

"ಬಿಚ್ಚತಾರ. ಸ್ವಲ್ಪ ತಡೀರಿ."

"ಯಾರು ಬಿಚ್ಚತಾರ?"

ಹಿಂದಿನವರು ಗೊಣಗಿದರು. ಒಬ್ಬರು ನಕ್ಕರು. ವರ್ಷವಿಡೀ ಅವ್ವ ಹಲ್ಲು ಕಚ್ಚಿ ಬಿಗಿದ ಗಂಟು ಅದು. ಫೀಸಿಗೆ ಬಿಚ್ಚುವಾಗ ಸೂಜಿ ಹಾಕಿ ಎಬ್ಬಿಸಬೇಕಾಗಿತ್ತು. ಮೇಲೆ ಫ್ಯಾನು ಜೋರಾಗಿ ತಿರುಗುತ್ತಿತ್ತು, ಅದನ್ನು ಹೇಳಿಬಿಡುತ್ತೇನೆ. ಅವ್ವನ ಎರಡೂ ಕೈ ಸೆರಗಿನ ಒಳಗಿದ್ದವು, ಅದನ್ನೂ ನಾನು ಕಂಡಿದ್ದೇನೆ. ಗಂಟಿನ ಒಂದು ಎಳೆ ಅಲುಗಿತು. ಆಮೇಲೆ ಇನ್ನೊಂದು. ವಯಸ್ಸಾದವರ ಬೆರಳಿಗೆ ಬಿಚ್ಚಲು ಬರದೆ ಬಿಚ್ಚಿದ ಹಾಗೆ, ತಡೆದು ತಡೆದು, ಸೆರಗು ಅಗಲವಾಯಿತು. ಮಡಚಿದ ನೋಟುಗಳೂ ಚಿಲ್ಲರೆಯೂ ಕಾಣಿಸಿದವು. ಒಳಗಿದ್ದವರು ಯಾವುದೋ ಕಾಗದದ ಮೇಲೆ ಠಸ್ಸೆ ಒತ್ತುತ್ತಿದ್ದರು, ನೋಡಲಿಲ್ಲ. ಕೈ ಚಾಚಿ ಎಣಿಸಿಕೊಂಡರು, ರಸೀದಿ ಹರಿದರು, ಉಳಿದ ಚಿಲ್ಲರೆಯನ್ನು ಸೀರೆಯ ಮೇಲೆ ತಳ್ಳಿದರು. ಟೆಂಪೋ ಉಳಿಯಿತು, ಮನೆ ಉಳಿಯಿತು. ಅವ್ವ ರಸೀದಿಯನ್ನು ಕಣ್ಣಿಗೊತ್ತಿಕೊಂಡು, ಆ ಚಿಲ್ಲರೆಯನ್ನು ಅಂಗೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. ಕುರುಗೋಡಿಗೆ ಒಂದು ಫುಲ್ಲು, ಒಂದು ಹಾಫು. ಅಷ್ಟಕ್ಕೆ ಸರಿಯಾಗಿ ಇತ್ತು. ಅವ್ವನ ಬೇರೆ ರೊಕ್ಕ ಸೊಂಟದ ಚೀಲದಲ್ಲಿ ಇದ್ದೇ ಇತ್ತು. ಅವಳು ಅದಕ್ಕೆ ಕೈ ಹಾಕಲಿಲ್ಲ.

ವಾಪಸು ಬರುವ ಬಸ್ಸಿನಲ್ಲೂ ಮೂವರ ಸೀಟೇ ಸಿಕ್ಕಿತು. ನಾನು ಮೊದಲಿನ ಹಾಗೆಯೇ ನಡುವೆ ಕೂತು ತೋಳು ಒಳಗೆಳೆದುಕೊಂಡೆ. ಅವ್ವ ಒಂದೂವರೆ ಟಿಕೆಟ್ಟು ತೆಗೆದುಕೊಂಡಳು. ಬಸ್ಸು ಹೊರಡುವಷ್ಟರಲ್ಲಿ ಬಾದನಹಟ್ಟಿಯ ಹೆಂಗಸೊಬ್ಬಳು ಖಾಲಿ ಬಿದಿರ ಪುಟ್ಟಿ ಹಿಡಿದುಕೊಂಡು ಏರಿದವಳು, ಕೇಳಲೂ ಇಲ್ಲ, ನೋಡಲೂ ಇಲ್ಲ, ನನ್ನ ಪಕ್ಕ ಧೊಪ್ಪನೆ ಕೂತಳು. ಬೆವರಿದ ಅವಳ ತೋಳು ನನ್ನ ತೋಳಿಗೆ ಬಿಸಿಯಾಗಿ ಒತ್ತಿತು. ನಾನು ಹೌಹಾರಿ ಅವ್ವನ ಕಡೆ ನೋಡಿದೆ. ಅವ್ವ ಆ ಹೆಂಗಸನ್ನು ನೋಡಿದಳು, ಅವಳು ಕೂತ ಜಾಗವನ್ನು ನೋಡಿದಳು. ಆಮೇಲೆ ಮಡಿಕೆ ಸಡಿಲಾದ ಆ ಸೀರೆಯಲ್ಲಿ ಮೋರೆ ಇಟ್ಟು ಅಳತೊಡಗಿದಳು. ಮಣ್ಣು ಮಾಡಿದ ದಿನ ಅಳದವಳು, ಬಸ್ಸಿನವರೆಲ್ಲ ತಿರುಗಿ ನೋಡುವ ಹಾಗೆ ಅತ್ತಳು. ಬಾದನಹಟ್ಟಿಯ ಹೆಂಗಸು ಪುಟ್ಟಿ ಕೆಳಗಿಟ್ಟು, ನನ್ನನ್ನು ದಾಟಿ ಕೈ ಚಾಚಿ, ಅವ್ವನ ಬೆನ್ನು ಸವರಿದಳು.

"ಯಾರು ತೀರ್ಕೊಂಡ್ರಬೇ ಯವ್ವಾ?"

"ನಮ್ಮತ್ತಿ."

"ಅಯ್ಯ ಶಿವನ. ಯಾವಾಗ?"

"ಈಗಬೇ," ಅಂದಳು ಅವ್ವ. "ಈಗ ಸ್ವಲ್ಪೊತ್ತಿನ ಮುಂದ."